ಆರಿದ ಮೇಲಿನ ಬೆಂಕಿ

ಕಾಡಿಗೆ ಬೇಕೆಂದೇ ಹಚ್ಚುವ ಬೆಂಕಿಗೆ ಅಮೆರಿಕದ ಅರಣ್ಯ ಸಂಸ್ಥೆಗಳಲ್ಲಿ ‘ಪ್ರಿಸ್ಕ್ರೈಬ್ಡ್ ಫೈರ್’ ಎಂದು ಹೆಸರು. ವೈದ್ಯರು ಬರೆದುಕೊಡುವ ಮದ್ದಿನ ಚೀಟಿಯನ್ನು ನೆನಪಿಸುವ ಮಾತು ಇದು. ಯಾರಿಗೆ, ಯಾವ ಕಾಯಿಲೆಗೆ, ಯಾವ ಮದ್ದು, ಎಷ್ಟು ಪ್ರಮಾಣ, ಯಾವ ಹೊತ್ತಿಗೆ ಎಂಬುದೆಲ್ಲ ಆ ಚೀಟಿಯಲ್ಲಿರುತ್ತದೆ. ಹಾಗೆಯೇ ಕಾಡಿನ ಯಾವ ತುಣುಕನ್ನು, ಯಾವ ತಿಂಗಳಲ್ಲಿ, ಎಷ್ಟು ಗಾಳಿ ಮತ್ತು ಎಷ್ಟು ತೇವ ಇರುವಾಗ, ಯಾವ ಕಡೆಯಿಂದ ಸುಡಬೇಕೆಂದು ಮೊದಲು ಬರೆದಿಟ್ಟು ಆಮೇಲೆ ಕಡ್ಡಿ ಗೀರುತ್ತಾರೆ. ಕನ್ನಡದಲ್ಲಿ ಇದನ್ನು ಯೋಜಿತ ಬೆಂಕಿ ಎಂದು ಕರೆಯಬಹುದು.

ಈ ಬೆಂಕಿ ಹಚ್ಚುವವರಿಗೆ ಎರಡು ವಿದ್ಯೆ ಬೇಕು. ಬೆಂಕಿ ಹೇಗೆ ಓಡುತ್ತದೆ ಎಂಬುದು ಒಂದು: ಎಷ್ಟು ವೇಗ, ಎಷ್ಟು ಉದ್ದದ ಜ್ವಾಲೆ, ಕಿಡಿ ಎಷ್ಟು ದೂರ ಹಾರೀತು. ಬೆಂಕಿ ಏನು ಮಾಡಿ ಹೋಗುತ್ತದೆ ಎಂಬುದು ಇನ್ನೊಂದು: ಯಾವ ಮರ ಸತ್ತಿತು, ಯಾವ ಬೀಜ ಮೊಳೆಯಿತು, ಮಣ್ಣು ಏನನ್ನು ಕಳೆದುಕೊಂಡಿತು, ಯಾವ ಹಕ್ಕಿ ಮರಳಿ ಬಂತು. ಮೊದಲನೆಯದು ಆ ದಿನದ ಸಂಜೆಗೆ ಮುಗಿಯುತ್ತದೆ, ಎರಡನೆಯದು ಬೆಂಕಿ ಆರಿದ ಮೇಲೆ ಶುರುವಾಗಿ ವರ್ಷಗಟ್ಟಲೆ ನಡೆಯುತ್ತದೆ. ಮೊದಲನೆಯದನ್ನು ಕಲಿಸುವುದರಲ್ಲಿ ಅಗ್ನಿಶಾಮಕ ತರಬೇತಿಗೆ ದೀರ್ಘ ಅನುಭವವಿದೆ. ಎರಡನೆಯದನ್ನು ಕಲಿಸುವ ಪ್ರಯತ್ನ ತೀರ ಈಚಿನದು. ಕಾಡು ಬದುಕುವುದೋ ಸಾಯುವುದೋ ಮಾತ್ರ ಎರಡನೆಯದರ ಮೇಲೆಯೇ ನಿಂತಿದೆ.

ಇಷ್ಟು ತಡವಾದದ್ದಕ್ಕೆ ಕಾರಣ ಚರಿತ್ರೆಯಲ್ಲಿದೆ. 1910ರ ಆಗಸ್ಟ್‌ನಲ್ಲಿ ಐಡಹೋ ಮತ್ತು ಮೊಂಟಾನಾ ಸೀಮೆಯಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಎರಡೇ ದಿನದಲ್ಲಿ ಸುಟ್ಟುಹೋಯಿತು. ಸತ್ತವರಲ್ಲಿ ಬೆಂಕಿ ಆರಿಸಲು ಹೋದವರೇ ಹೆಚ್ಚು. ಆಗಷ್ಟೇ ಕಣ್ಣು ಬಿಡುತ್ತಿದ್ದ ಅಮೆರಿಕದ ಅರಣ್ಯ ಸೇವೆಗೆ ಅದು ಮರೆಯಲಾಗದ ಪೆಟ್ಟು. 1935ರಲ್ಲಿ ‘ಹತ್ತು ಗಂಟೆ ನಿಯಮ’ ಬಂತು: ಎಲ್ಲೇ ಹೊಗೆ ಕಂಡರೂ ಮರುದಿನ ಬೆಳಿಗ್ಗೆ ಹತ್ತರೊಳಗೆ ಅದು ಹತೋಟಿಗೆ ಬಂದಿರಬೇಕು. ಎರಡು ತಲೆಮಾರಿನ ಅಧಿಕಾರಿಗಳು ಬೆಂಕಿಯನ್ನು ಶತ್ರುವೆಂದೇ ಕಲಿತರು. ಶತ್ರುವಿನ ಚಲನವಲನ ಅವರಿಗೆ ಗೊತ್ತಿತ್ತು. ಕಾಡಿಗೂ ಬೆಂಕಿಗೂ ಇರುವ ಹಳೆಯ ಸಂಬಂಧವನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬೇರೆ ದನಿ ಎತ್ತಿದವರು ಇರಲಿಲ್ಲವೆಂದಲ್ಲ. ಜಾರ್ಜಿಯಾ ಮತ್ತು ಫ್ಲಾರಿಡಾಗಳ ಗಡಿಯಲ್ಲಿ ಬಾಬ್‌ವೈಟ್ ಎಂಬ ಪುರಲೆಹಕ್ಕಿಯನ್ನು ಅಧ್ಯಯನ ಮಾಡಿದ ಹರ್ಬರ್ಟ್ ಸ್ಟಾಡರ್ಡ್, ನೆಲ ಸುಡದಿದ್ದರೆ ಆ ಹಕ್ಕಿಗೆ ನೆಲೆಯಿಲ್ಲವೆಂದು 1931ರ ತಮ್ಮ ಗ್ರಂಥದಲ್ಲಿ ಬರೆದರು. ಪಶ್ಚಿಮದ ಪಾಂಡೆರೋಸಾ ಪೈನ್ ಕಾಡುಗಳ ಬಗ್ಗೆ ಹೆರಾಲ್ಡ್ ವೀವರ್ 1943ರಲ್ಲಿ ಇದೇ ಮಾತು ಹೇಳಿದರು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹೆರಾಲ್ಡ್ ಬಿಸ್ವೆಲ್ ವಿದ್ಯಾರ್ಥಿಗಳನ್ನು ಕಾಡಿಗೇ ಕರೆದೊಯ್ದು ಸುಟ್ಟು ತೋರಿಸಿದರು. 1958ರಲ್ಲಿ ಟ್ಯಾಲಹಾಸಿಯ ಬಳಿ ಟಾಲ್ ಟಿಂಬರ್ಸ್ ಸಂಶೋಧನಾ ಕೇಂದ್ರ ಹುಟ್ಟಿತು. 1962ರಿಂದ ಅಲ್ಲಿ ನಡೆದ ಸಮ್ಮೇಳನಗಳು ಬೆಂಕಿಯ ಪರಿಸರ ವಿಜ್ಞಾನಕ್ಕೆ ಒಂದು ಮನೆ ಕಟ್ಟಿಕೊಟ್ಟವು. ರಾಷ್ಟ್ರೀಯ ಉದ್ಯಾನ ಸೇವೆ 1968ರಲ್ಲೂ ಅರಣ್ಯ ಸೇವೆ 1978ರಲ್ಲೂ ತಮ್ಮ ನೀತಿ ಬದಲಿಸಿದವು. ನೀತಿಯೇನೋ ಕಾಗದದ ಮೇಲೆ ಬದಲಾಯಿತು. ಕಾಡಿನಲ್ಲಿ ನಿಂತು ಬೆಂಕಿ ಹಚ್ಚುವವರ ಕಣ್ಣು ಬದಲಾಗಲು ತರಬೇತಿ ಬೇಕಿತ್ತು.

ಆ ತರಬೇತಿಯ ಮೊದಲ ಪಾಠ ಎರಡು ಮಾತುಗಳನ್ನು ಬೇರೆ ಮಾಡುವುದು. ಬೆಂಕಿಯ ತೀವ್ರತೆ ಬೇರೆ, ಕಾಡಿಗೆ ಬಿದ್ದ ಪೆಟ್ಟು ಬೇರೆ. ತೀವ್ರತೆ ಉರಿಯುವಾಗ ಅಳೆಯುವಂಥದ್ದು. 1959ರಲ್ಲಿ ಜಾರ್ಜ್ ಬೈರಮ್ ಕೊಟ್ಟ ಸೂತ್ರ ಸರಳವಾಗಿದೆ: ಉರುವಲಿನ ಒಂದು ಕಿಲೋದಲ್ಲಿರುವ ಶಾಖ, ಒಂದು ಚದರ ಮೀಟರಿನಲ್ಲಿ ಉರಿದುಹೋಗುವ ಉರುವಲಿನ ತೂಕ, ಬೆಂಕಿ ಮುಂದೊತ್ತುವ ವೇಗ, ಈ ಮೂರನ್ನು ಗುಣಿಸಿದರೆ ಉರಿಯ ಸಾಲಿನ ಒಂದು ಮೀಟರಿನ ತೀವ್ರತೆ ಸಿಗುತ್ತದೆ. ಚದರ ಮೀಟರಿಗೆ ಅರ್ಧ ಕಿಲೋ ತರಗು ಇದ್ದು ಬೆಂಕಿ ನಿಮಿಷಕ್ಕೆ 1.2 ಮೀಟರ್ ಸರಿಯುತ್ತಿದ್ದರೆ ತೀವ್ರತೆ ಮೀಟರಿಗೆ ಸುಮಾರು 180 ಕಿಲೋವಾಟ್, ಜ್ವಾಲೆಯ ಉದ್ದ ಸುಮಾರು 85 ಸೆಂಟಿಮೀಟರ್. ಗಾಳಿ ಬೀಸಿ ವೇಗ ಇಮ್ಮಡಿಯಾದರೆ ತೀವ್ರತೆಯೂ ಇಮ್ಮಡಿಯಾಗುತ್ತದೆ, ಜ್ವಾಲೆ ಮಾತ್ರ ಮೀಟರಿಗಿಂತ ಸ್ವಲ್ಪವೇ ಮೇಲೇರುತ್ತದೆ. ಜ್ವಾಲೆಯನ್ನಷ್ಟೇ ನೋಡುವ ಕಣ್ಣು ಒಳಗಿನ ಶಾಖವನ್ನು ಕಡಿಮೆ ಎಣಿಸುತ್ತದೆ ಎಂಬುದನ್ನು ಶಿಬಿರಾರ್ಥಿ ಇಂಥ ಲೆಕ್ಕ ಹಾಕಿಯೇ ತಿಳಿಯುತ್ತಾನೆ.

ಪೆಟ್ಟಿನ ಲೆಕ್ಕ ಇನ್ನೊಂದು ದಾರಿಯದು. ಮರದ ಜೀವಂತ ಅಂಗಾಂಶ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಮಿಷದೊಳಗೆ ಸಾಯುತ್ತದೆ. ಹಾಗಾದರೆ ಗಾಳಿಯ ಉಷ್ಣಾಂಶದಿಂದ ಆ 60ರ ತನಕ ಎಷ್ಟು ಅಂತರವಿದೆ ಎಂಬುದೇ ಎಲೆಗೆ ಇರುವ ಕಾಪು. 32 ಡಿಗ್ರಿಯ ಮಧ್ಯಾಹ್ನ ಆ ಅಂತರ 28, 10 ಡಿಗ್ರಿಯ ಚಳಿಗಾಲದ ಹಗಲಲ್ಲಿ ಅದು 50. ಅದೇ ಬೆಂಕಿ, ಅದೇ ಉರುವಲು. ಆದರೆ ಮೇಲಿನ ಎಲೆಗಳು ಕಂದುವ ಎತ್ತರ ಚಳಿಯ ದಿನ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕೆನಡಾದ ವ್ಯಾನ್ ವ್ಯಾಗ್ನರ್ 1973ರಲ್ಲಿ ಈ ಸಂಬಂಧವನ್ನು ಸೂತ್ರಕ್ಕೆ ಇಳಿಸಿದರು. ಚಳಿಗಾಲದಲ್ಲಿ ಸುಡುತ್ತಿದ್ದ ಹಳಬರು ಸೂತ್ರವಿಲ್ಲದೆಯೂ ಇದನ್ನು ಬಲ್ಲವರಾಗಿದ್ದರು.

ಕಾಂಡದ ಕಾಪು ತೊಗಟೆ. ತೊಗಟೆಯ ದಪ್ಪ ಇಮ್ಮಡಿಯಾದರೆ ಮರ ತಾಳಿಕೊಳ್ಳುವ ಹೊತ್ತು ನಾಲ್ಕು ಮಡಿಯಾಗುತ್ತದೆ. ಒಂದು ಸೆಂಟಿಮೀಟರ್ ತೊಗಟೆಯ ಮರ ಸುಮಾರು ಮೂರು ನಿಮಿಷ ಉರಿ ತಾಳಿದರೆ ಎರಡು ಸೆಂಟಿಮೀಟರಿನದು ಹನ್ನೆರಡು ನಿಮಿಷದ ಹತ್ತಿರ ತಾಳುತ್ತದೆ. ಹುಲ್ಲಿನ ಬೆಂಕಿ ಒಂದು ಮರವನ್ನು ದಾಟಿಹೋಗಲು ನಿಮಿಷವೂ ಬೇಡ. ಅಂದಮೇಲೆ ಉರಿ ಎಷ್ಟು ಎತ್ತರ ಇತ್ತು ಎನ್ನುವುದಕ್ಕಿಂತ ಅದು ಎಷ್ಟು ಹೊತ್ತು ಒಂದೇ ಕಡೆ ನಿಂತಿತ್ತು ಎನ್ನುವುದು ಮರದ ಹಣೆಬರಹವನ್ನು ತೀರ್ಮಾನಿಸುತ್ತದೆ.

ಈ ಮಾತಿಗೆ ಅಮೆರಿಕದ ದಕ್ಷಿಣ ರಾಜ್ಯಗಳ ಲಾಂಗ್‌ಲೀಫ್ ಪೈನ್ ಕಾಡಿಗಿಂತ ದೊಡ್ಡ ಪಾಠಶಾಲೆ ಇಲ್ಲ. ವರ್ಜೀನಿಯಾದಿಂದ ಟೆಕ್ಸಾಸ್‌ವರೆಗೆ ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆ ಹಬ್ಬಿದ್ದ ಈ ಕಾಡು ಈಗ ಅದರ ಚಿಕ್ಕದೊಂದು ಪಾಲಾಗಿ ಉಳಿದಿದೆ. ಎರಡು-ಮೂರು ವರ್ಷಕ್ಕೊಮ್ಮೆ ನೆಲ ಸುಡುವುದು ಅದಕ್ಕೆ ಊಟವಿದ್ದಂತೆ. ಸಸಿ ಮೊದಲ ಕೆಲವು ವರ್ಷ ಮೇಲೇಳುವುದೇ ಇಲ್ಲ. ಹುಲ್ಲಿನ ಗಡ್ಡೆಯಂತೆ ನೆಲಕ್ಕೆ ಅಂಟಿ ಕೂತು ಬೇರು ಇಳಿಸುತ್ತದೆ. ಸೂಜಿ ಎಲೆಗಳ ದಟ್ಟ ಕುಚ್ಚು ನಡುವಿನ ಮೊಗ್ಗನ್ನು ಮುಚ್ಚಿಟ್ಟಿರುತ್ತದೆ. ಬೆಂಕಿ ಬಂದರೆ ಹೊರಗಿನ ಸೂಜಿಗಳು ಸುಡುತ್ತವೆ, ಮೊಗ್ಗು ಉಳಿಯುತ್ತದೆ. ಅಷ್ಟೇ ಅಲ್ಲ, ಸೂಜಿಗಳನ್ನು ಕಾಡುವ ಕಂದುಚುಕ್ಕೆ ರೋಗದ ಶಿಲೀಂಧ್ರವೂ ಅವುಗಳ ಜೊತೆಗೆ ಸುಟ್ಟುಹೋಗುತ್ತದೆ. ಅದೇ ಸಸಿ ಒಂದೆರಡು ವರ್ಷ ಕಳೆದು ಮೊಣಕಾಲೆತ್ತರಕ್ಕೆ ಎದ್ದಾಗ ಮೊಗ್ಗು ಸರಿಯಾಗಿ ಜ್ವಾಲೆಯ ಮಟ್ಟದಲ್ಲಿರುತ್ತದೆ. ಆಗ ಬಿದ್ದ ಬೆಂಕಿ ಅದನ್ನು ಕೊಲ್ಲಬಹುದು. ಗಿಡದ ಪ್ರಾಯ ನೋಡದೆ ಪಂಚಾಂಗ ನೋಡಿ ಸುಡುವವನು ತಪ್ಪುವುದು ಇಲ್ಲಿಯೇ.

ಇದಕ್ಕಿಂತ ಕಠಿಣವಾದ ಪಾಠವನ್ನು ಹಳೆಯ ಮರಗಳು ಕಲಿಸಿದವು. ನಾಲ್ಕೈದು ದಶಕ ಬೆಂಕಿ ಕಾಣದ ಲಾಂಗ್‌ಲೀಫ್ ತೋಪುಗಳಲ್ಲಿ ಪ್ರತಿ ಮರದ ಬುಡದಲ್ಲೂ ಉದುರಿದ ತೊಗಟೆ, ಸೂಜಿ ಎಲೆ, ಅವು ಕೊಳೆತ ಗೊಬ್ಬರದಂಥ ಪದರ ದಿಬ್ಬವಾಗಿ ಕೂತಿರುತ್ತದೆ. ಪರಿಭಾಷೆಯಲ್ಲಿ ಅದಕ್ಕೆ ಡಫ್ ಎನ್ನುತ್ತಾರೆ. ಮರದ ನವಿರು ಬೇರುಗಳು ಮೇಲಕ್ಕೆ ಬಂದು ಆ ಪದರದೊಳಗೇ ಹರಡಿಕೊಂಡಿರುತ್ತವೆ. ಇಂಥ ತೋಪನ್ನು ಮತ್ತೆ ಬೆಂಕಿಗೆ ಒಗ್ಗಿಸಬೇಕೆಂದು ವ್ಯವಸ್ಥಾಪಕರು ಒಳ್ಳೆಯ ಮನಸ್ಸಿನಿಂದಲೇ ಹೊರಟರು. ಹವೆ ಷರತ್ತಿನೊಳಗಿತ್ತು, ಜ್ವಾಲೆ ಮೊಣಕಾಲು ಮುಟ್ಟಲಿಲ್ಲ, ಮೇಲಿನ ಎಲೆ ಒಂದೂ ಕಂದಲಿಲ್ಲ, ಸಂಜೆಗೆ ಎಲ್ಲರೂ ಸಮಾಧಾನದಿಂದ ಮನೆಗೆ ಹೋದರು. ಬುಡದ ದಿಬ್ಬ ಮಾತ್ರ ಬೂದಿ ಮುಚ್ಚಿದ ಕೆಂಡವಾಗಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಒಳಗೊಳಗೇ ಬೇಯುತ್ತಿತ್ತು. ಹನ್ನೆರಡು ನಿಮಿಷ ತಾಳಬಲ್ಲ ತೊಗಟೆ ಹನ್ನೆರಡು ಗಂಟೆ ತಾಳಲಾರದು. ನೂರಾರು ವರ್ಷದ ಮರಗಳು ತಿಂಗಳುಗಳ ನಂತರ, ಕೆಲವು ಮರುವರ್ಷ, ಒಂದೊಂದಾಗಿ ಒಣಗಿದವು. ಸಾಲದ್ದಕ್ಕೆ ಬಳಲಿದ ಮರಗಳನ್ನು ತೊಗಟೆಹುಳು ಹುಡುಕಿಕೊಂಡು ಬಂತು.

ಬೆಂಕಿ ಓಡುವ ರೀತಿಯನ್ನಷ್ಟೇ ಬಲ್ಲವನಿಗೆ ಇದು ಅರ್ಥವಾಗದ ಸಾವು. ತರಬೇತಿಗಳಲ್ಲಿ ಕಲಿಸುವ ಪ್ರಧಾನ ಗಣಿತ ಮಾದರಿ ರಿಚರ್ಡ್ ರಾಥರ್ಮೆಲ್ ಅವರದು. ಮೊಂಟಾನಾದ ಮಿಸೂಲಾ ಪ್ರಯೋಗಾಲಯದಲ್ಲಿ ರೂಪುಗೊಂಡು 1972ರಲ್ಲಿ ಪ್ರಕಟವಾದ ಆ ಮಾದರಿ ಸಣ್ಣ ಉರುವಲಿನಲ್ಲಿ ಓಡುವ ಉರಿಯ ಮುಂಚೂಣಿಯನ್ನು ಲೆಕ್ಕ ಹಾಕುತ್ತದೆ. ಮುಂಚೂಣಿ ದಾಟಿದ ಮೇಲೆ ಉರಿಯುವ ದಿಮ್ಮಿಯಾಗಲಿ ಬೇಯುವ ಡಫ್ ಆಗಲಿ ಅದರ ವ್ಯಾಪ್ತಿಯಲ್ಲಿಲ್ಲ. ಅದು ಮಾದರಿಯ ದೋಷವಲ್ಲ, ಅದನ್ನು ಮಾಡಿದ್ದೇ ಬೇರೆ ಕೆಲಸಕ್ಕೆ. ಆದರೆ ಅದೊಂದನ್ನೇ ನೆಚ್ಚಿಕೊಂಡು ಬರೆದ ಚೀಟಿಯಲ್ಲಿ, ಮರವನ್ನು ಕೊಲ್ಲುವ ಶಾಖಕ್ಕೆ ಹೆಸರೇ ಇರುವುದಿಲ್ಲ. ಪರಿಣಾಮ ವಿಜ್ಞಾನ ಕಲಿತವರು ಈಗ ಅಂಥ ತೋಪಿನಲ್ಲಿ ಮೊದಲು ನೋಡುವುದು ಡಫ್‌ನ ತೇವವನ್ನು. ಮಳೆಯ ಬೆನ್ನಿಗೆ, ಮೇಲಿನ ತರಗು ಒಣಗಿ ಕೆಳಗಿನ ಪದರ ಇನ್ನೂ ಹಸಿಯಾಗಿರುವಾಗ, ತೆಳುವಾಗಿ ಸುಡುತ್ತಾರೆ. ದಶಕಗಳ ಸಂಚಯವನ್ನು ಒಂದೇ ಸಲ ತೆಗೆಯುವ ಆಸೆ ಬಿಟ್ಟು ನಾಲ್ಕಾರು ಸಲ ಸುಟ್ಟು ಪದರ ಪದರವಾಗಿ ಇಳಿಸುತ್ತಾರೆ. ಬೆಲೆಬಾಳುವ ಮರವಾದರೆ ಬುಡದ ದಿಬ್ಬವನ್ನು ಮೊದಲೇ ಕೆದರಿ ದೂರ ಸರಿಸುತ್ತಾರೆ.

ತೇವದ ವಿಷಯದಲ್ಲಿ ಶಿಬಿರಾರ್ಥಿಗಳು ಕಲಿಯುವ ವರ್ಗೀಕರಣವೊಂದಿದೆ. ಕಾಲಂಗುಲಕ್ಕಿಂತ ತೆಳ್ಳನೆಯ ಕಡ್ಡಿ ಮತ್ತು ಹುಲ್ಲು ‘ಒಂದು ಗಂಟೆಯ ಉರುವಲು’, ಒಂದಂಗುಲದವರೆಗಿನದು ಹತ್ತು ಗಂಟೆಯದು, ಮೂರಂಗುಲದವರೆಗಿನದು ನೂರು ಗಂಟೆಯದು, ಅದಕ್ಕೂ ದಪ್ಪನೆಯ ದಿಮ್ಮಿ ಸಾವಿರ ಗಂಟೆಯದು. ಸುತ್ತಲಿನ ಹವೆ ಬದಲಾದಾಗ ಆ ಉರುವಲು ಹೊಸ ಹವೆಗೆ ಬಹುಪಾಲು ಹೊಂದಿಕೊಳ್ಳಲು ಹಿಡಿಯುವ ಕಾಲವನ್ನು ಈ ಹೆಸರು ಹೇಳುತ್ತದೆ. ಬೆಳಿಗ್ಗೆ ಹಸಿಯಿದ್ದ ಹುಲ್ಲು ಮಧ್ಯಾಹ್ನಕ್ಕೆ ಗರಿಗರಿಯಾಗುತ್ತದೆ, ದಿಮ್ಮಿ ಮಾತ್ರ ಹೋದ ತಿಂಗಳ ಬಿಸಿಲನ್ನು ಇನ್ನೂ ನೆನಪಿಟ್ಟುಕೊಂಡಿರುತ್ತದೆ. ಉರಿಯ ಓಟ ಹುಲ್ಲಿನ ಕೈಯಲ್ಲಿದ್ದರೆ ಮಣ್ಣಿಗೆ ಬೀಳುವ ಪೆಟ್ಟು ದಿಮ್ಮಿಯ ಮತ್ತು ಡಫ್‌ನ ಕೈಯಲ್ಲಿದೆ. ದಪ್ಪ ದಿಮ್ಮಿ ನಿಧಾನವಾಗಿ ಉರಿದ ಜಾಗದಲ್ಲಿ ಮಣ್ಣಿನ ಸಾರಜನಕ ಆವಿಯಾಗಿ ಹೋಗುತ್ತದೆ, ಬೀಜಗಳು ಬೇಯುತ್ತವೆ. ಕೆಲವು ಮಣ್ಣುಗಳಲ್ಲಿ ನೀರನ್ನು ಒಳಬಿಡದ ಮೇಣದಂಥ ಪದರ ಕಟ್ಟಿಕೊಂಡು ಮುಂದಿನ ಮಳೆಗೆ ಇಳಿಜಾರು ಕೊಚ್ಚಿಹೋಗುತ್ತದೆ.

ಋತುವಿನ ಪಾಠ ಚಿಕ್ಕದು, ಆದರೆ ಪದ್ಧತಿಯನ್ನೇ ಬದಲಿಸಿದ್ದು. ಲಾಂಗ್‌ಲೀಫ್ ಕಾಡಿನ ನೆಲ ಹೊದಿಕೆಯಾದ ವೈರ್‌ಗ್ರಾಸ್ ಎಂಬ ಹುಲ್ಲು ಚಳಿಗಾಲದ ಬೆಂಕಿಗೆ ಚಿಗುರುತ್ತದೆ, ಹೂಬಿಟ್ಟು ಬೀಜ ಕಟ್ಟುವುದು ಮಾತ್ರ ಬೇಸಗೆಯ ಮೊದಲ ತಿಂಗಳುಗಳ ಬೆಂಕಿಗೆ. ಸಿಡಿಲು ಬಡಿದು ಕಾಡು ತಾನಾಗಿ ಹೊತ್ತಿಕೊಳ್ಳುತ್ತಿದ್ದ ಕಾಲ ಅದು. ಸುರಕ್ಷಿತವೆಂದು ದಶಕಗಟ್ಟಲೆ ಚಳಿಯಲ್ಲೇ ಸುಟ್ಟವರ ಕಾಡಿನಲ್ಲಿ ಹುಲ್ಲು ಸಂತತಿಯಿಲ್ಲದೆ ಮುದಿಯಾಗುತ್ತಿತ್ತು.

ಇಷ್ಟೆಲ್ಲ ತಿಳಿವನ್ನು ಬೆಂಕಿ ಹಚ್ಚುವ ಕೈಗೆ ತಲುಪಿಸುವುದು ಹೇಗೆ? 1976ರಲ್ಲಿ ಅಮೆರಿಕದ ಹಲವು ಸಂಸ್ಥೆಗಳು ಸೇರಿ ಕಟ್ಟಿಕೊಂಡ ರಾಷ್ಟ್ರೀಯ ಕಾಡ್ಗಿಚ್ಚು ಸಮನ್ವಯ ಮಂಡಳಿ ಎಲ್ಲರಿಗೂ ಒಂದೇ ಪಠ್ಯಕ್ರಮ ಮತ್ತು ಅರ್ಹತೆ ಗೊತ್ತುಮಾಡಿತು. ಅದರಲ್ಲಿ ಬೆಂಕಿಯ ಪರಿಣಾಮಗಳಿಗೆಂದೇ ಪ್ರವೇಶ ಮಟ್ಟದ ಒಂದು ಕೋರ್ಸು, ಮುಂದಿನ ಮಟ್ಟದ ಇನ್ನೊಂದು ಕೋರ್ಸು ಇವೆ. ಹೊಗೆಯ ನಿರ್ವಹಣೆಗೆ ಬೇರೆಯದೇ ಪಾಠ. ಜೊತೆಗೆ ಎರಡು ಉಪಕರಣಗಳು ಕೈಗೆ ಬಂದವು. ಒಂದೊಂದು ಸಸ್ಯ, ಒಂದೊಂದು ಪ್ರಾಣಿ ಬೆಂಕಿಗೆ ಹೇಗೆ ಸ್ಪಂದಿಸುತ್ತದೆ ಎಂಬ ಸಂಶೋಧನೆಯನ್ನೆಲ್ಲ ಒಟ್ಟುಮಾಡಿಟ್ಟ ಮಾಹಿತಿ ಭಂಡಾರ ಒಂದು. ಉರುವಲು, ತೇವ, ಮರದ ಜಾತಿ ಕೊಟ್ಟರೆ ಎಷ್ಟು ಮರ ಸತ್ತೀತು, ಎಷ್ಟು ಡಫ್ ಹೋದೀತು, ಎಷ್ಟು ಹೊಗೆ ಎದ್ದೀತು ಎಂದು ಅಂದಾಜು ಕೊಡುವ ‘ಫೋಫೆಮ್’ ಎಂಬ ತಂತ್ರಾಂಶ ಇನ್ನೊಂದು. ಯೋಜನೆ ಬರೆಯುವ ಕ್ರಮವೂ ಇದರಿಂದ ತಿರುಗಿತು. ಮೊದಲು ಉಳಿಯಬೇಕಾದದ್ದು ಏನೆಂದು ಬರೆಯಬೇಕು. ಅದಕ್ಕೆ ಎಷ್ಟು ಶಾಖ ತಕ್ಕುದು, ಆ ಶಾಖಕ್ಕೆ ಎಂಥ ಉರಿ, ಆ ಉರಿಗೆ ಎಂಥ ಹವೆ ಎಂದು ಹಿಂದಿನಿಂದ ಮುಂದಕ್ಕೆ ಬರಬೇಕು. ಹವೆ ಚೆನ್ನಾಗಿದೆ, ಇವತ್ತು ಏನನ್ನು ಸುಡೋಣ ಎಂದು ಹೊರಡುವುದು ಹಳೆಯ ದಾರಿ.

ಕೊಠಡಿಯ ಪಾಠ ಕೈಗೆ ಇಳಿಯುವುದು ಕಾಡಿನಲ್ಲಿ. 1998ರಿಂದ ಟ್ಯಾಲಹಾಸಿಯಲ್ಲಿ ನಡೆಯುತ್ತಿರುವ ಯೋಜಿತ ಬೆಂಕಿ ತರಬೇತಿ ಕೇಂದ್ರ ದೇಶದ ಎಲ್ಲ ಮೂಲೆಗಳ ಸಿಬ್ಬಂದಿಯನ್ನು ಸುಮಾರು ಮೂರು ವಾರ ಕರೆಸಿಕೊಂಡು, ಒಂದಾದ ಮೇಲೊಂದು ಬೇರೆ ಬೇರೆ ಕಾಡುಗಳಲ್ಲಿ ಸುಡಿಸುತ್ತದೆ. ಫ್ಲಾರಿಡಾವನ್ನೇ ಆರಿಸಿದ್ದಕ್ಕೆ ಕಾರಣವಿದೆ: ಸುಡುವವರಿಗೆ ಕಾನೂನಿನ ರಕ್ಷಣೆ ಕೊಡುವ ಕಾಯ್ದೆಯನ್ನು 1990ರಲ್ಲೇ ಮಾಡಿದ ಆ ರಾಜ್ಯದಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಎಕರೆ ಯೋಜಿತವಾಗಿ ಸುಡಲಾಗುತ್ತದೆ. ಅಲ್ಲಿ ಉರಿಯುವ ಎಣ್ಣೆ ತೊಟ್ಟಿಕ್ಕಿಸುವ ಡ್ರಿಪ್ ಟಾರ್ಚ್ ಹಿಡಿದವನು ಪ್ರಮಾಣ ಅಂದರೆ ಏನೆಂದು ಕಲಿಯುತ್ತಾನೆ. ಗಾಳಿಗೆ ಎದುರಾಗಿ ಹಿಂದೆ ಹಿಂದೆ ತೆವಳುವ ಬೆಂಕಿಗೆ ಜ್ವಾಲೆ ಗಿಡ್ಡ, ಆದರೆ ನೆಲದ ಮೇಲೆ ನಿಲ್ಲುವ ಹೊತ್ತು ಹೆಚ್ಚು. ಗಾಳಿಯ ಜೊತೆ ಓಡುವ ಬೆಂಕಿಗೆ ಜ್ವಾಲೆ ಎತ್ತರ, ಬುಡದ ಬಳಿ ನಿಲ್ಲುವ ಹೊತ್ತು ಕಡಿಮೆ. ಪಟ್ಟಿ ಪಟ್ಟಿಯಾಗಿ ಹಚ್ಚುವಾಗ ಪಟ್ಟಿಗಳ ನಡುವಿನ ಅಂತರವನ್ನು ಹತ್ತು ಹೆಜ್ಜೆ ಕುಗ್ಗಿಸಿದರೆ ಉರಿ ಬಲಿಯುವ ಮುಂಚೆಯೇ ಮುಂದೆ ಆಗಲೇ ಸುಟ್ಟಿರುವ ಕಪ್ಪು ನೆಲಕ್ಕೆ ಬಡಿದು ಆರುತ್ತದೆ. ಪುಟಗಟ್ಟಲೆ ಓದಿದ್ದು ಆ ಹತ್ತು ಹೆಜ್ಜೆಯಲ್ಲಿ ತಲೆಗೆ ಹತ್ತುತ್ತದೆ.

ಈ ವ್ಯವಸ್ಥೆಯ ದೊಡ್ಡ ಕೊರತೆ ಮರಳಿ ನೋಡುವುದರಲ್ಲಿದೆ. ಉದ್ಯಾನ ಸೇವೆ ಸುಡುವ ಮುಂಚೆ ಗುರುತು ನೆಟ್ಟು, ಸುಟ್ಟ ಕೂಡಲೇ, ಮರುವರ್ಷ, ಮತ್ತೆ ಕೆಲವು ವರ್ಷ ಬಿಟ್ಟು ಅದೇ ಜಾಗವನ್ನು ಅಳೆಯುವ ಕ್ರಮ ಇಟ್ಟುಕೊಂಡಿದೆ. ಎಲ್ಲ ಕಡೆ ಹಾಗಿಲ್ಲ. ಬೆಂಕಿ ಹಚ್ಚಿದವನಿಗೆ ವರ್ಗವಾಗುತ್ತದೆ, ಸತ್ತ ಮರವನ್ನು ನೋಡುವವನು ಬೇರೆಯವನಾಗುತ್ತಾನೆ. ತನ್ನ ಬೆಂಕಿಯ ಫಲವನ್ನು ಕಾಣದವನು ಇಪ್ಪತ್ತು ವರ್ಷ ಸುಟ್ಟರೂ ಮೊದಲ ವರ್ಷದ ಅನುಭವವನ್ನೇ ಇಪ್ಪತ್ತು ಸಲ ಪಡೆದಿರುತ್ತಾನೆ.

ಯಶಸ್ಸಿನ ಲೆಕ್ಕವೂ ಇದೇ ಕುರುಡಿನದು. ಅಮೆರಿಕದ ಅರಣ್ಯ ಸೇವೆ ವರ್ಷಕ್ಕೆ ಸರಾಸರಿ 4,500 ಯೋಜಿತ ಬೆಂಕಿಗಳಲ್ಲಿ ಶೇ. 99.84ರಷ್ಟು ಯೋಜನೆಯಂತೆಯೇ ನಡೆಯುತ್ತವೆ ಎಂದು 2022ರಲ್ಲಿ ಹೇಳಿತು. ಬೆಂಕಿ ಗೊತ್ತುಮಾಡಿದ ಗೆರೆ ದಾಟಲಿಲ್ಲ ಎಂಬುದು ಆ ಅಂಕಿಯ ಮುಖ್ಯ ಅರ್ಥ. ಗೆರೆಯೊಳಗೆ ಉಳಿಯಬೇಕಾದದ್ದು ಉಳಿಯಿತೇ ಎಂಬುದನ್ನು ಅದು ಹೇಳುವುದಿಲ್ಲ. ಗೆರೆ ದಾಟಿದಾಗಿನ ಅನಾಹುತವಂತೂ ಸಣ್ಣದಲ್ಲ. 2000ದ ಮೇ ತಿಂಗಳಲ್ಲಿ ನ್ಯೂ ಮೆಕ್ಸಿಕೋದ ಬ್ಯಾಂಡೆಲಿಯರ್‌ನಲ್ಲಿ ಹಚ್ಚಿದ ಬೆಂಕಿ ಲಾಸ್ ಅಲಾಮೋಸ್ ಊರಿನ 200ಕ್ಕೂ ಹೆಚ್ಚು ಮನೆಗಳನ್ನು ತಿಂದಿತು. 2022ರ ಏಪ್ರಿಲ್‌ನಲ್ಲಿ ಅದೇ ರಾಜ್ಯದಲ್ಲಿ ಕೈತಪ್ಪಿದ ಎರಡು ಬೆಂಕಿಗಳು ಕೂಡಿ 3,41,000 ಎಕರೆ ಸುಟ್ಟವು. ಆ ಎರಡರಲ್ಲಿ ಒಂದು, ಜನವರಿಯಲ್ಲಿ ಸುಟ್ಟ ಸೌದೆರಾಶಿಯ ಕೆಂಡ. ಹಿಮದ ಕೆಳಗೆ ಮೂರು ತಿಂಗಳು ಅಡಗಿದ್ದು ವಸಂತದ ಗಾಳಿಗೆ ತಲೆಯೆತ್ತಿತು. ಲಾಂಗ್‌ಲೀಫ್ ಮರಗಳನ್ನು ಕೊಂದದ್ದೂ ಆರಿತೆಂದು ಎಲ್ಲರೂ ನಂಬಿದ ಇಂಥದೇ ಕೆಂಡ.

ಪುಸ್ತಕಕ್ಕೆ ಮುಂಚಿನ ಬೆಂಕಿಯ ಪಂಡಿತರನ್ನು ಈ ತರಬೇತಿಗಳು ಬಹುಕಾಲ ಹೊರಗಿಟ್ಟಿದ್ದವು. ಕ್ಯಾಲಿಫೋರ್ನಿಯಾದ ಕರುಕ್ ಮತ್ತು ಯುರೋಕ್ ಜನ ಬುಟ್ಟಿ ಹೆಣೆಯುವ ನೇರ ಚಿಗುರಿಗಾಗಿ ಹೇಜಲ್ ಪೊದೆಯನ್ನು ಸುಡುತ್ತಿದ್ದರು, ಓಕ್ ಕಾಯಿಯ ಹುಳು ಸಾಯಲೆಂದು ಮರದಡಿಯ ತರಗು ಸುಡುತ್ತಿದ್ದರು. ಫಲವನ್ನು ಮೊದಲು ನೆನೆದು ಬೆಂಕಿಯನ್ನು ಅದಕ್ಕೆ ಹೊಂದಿಸುವ ವಿದ್ಯೆಯೇ ಅದು. 2008ರಿಂದ ನಡೆಯುತ್ತಿರುವ ತರಬೇತಿ ವಿನಿಮಯ ಶಿಬಿರಗಳಲ್ಲಿ ಈಗ ಆ ಸಮುದಾಯಗಳೂ ಕಲಿಸುವವರ ಸ್ಥಾನಕ್ಕೆ ಬಂದಿವೆ.

ಕರ್ನಾಟಕಕ್ಕೆ ಈ ವಿಷಯ ಹತ್ತಿರ ಬರುವುದು ಬಿಳಿಗಿರಿರಂಗನ ಬೆಟ್ಟದಲ್ಲಿ. ಅಲ್ಲಿನ ಸೋಲಿಗರು ಬೇಸಗೆ ಬಲಿಯುವ ಮುಂಚೆಯೇ ಹಚ್ಚುತ್ತಿದ್ದ ತಣ್ಣನೆಯ ಬೆಂಕಿಗೆ ‘ತರಗು ಬೆಂಕಿ’ ಎಂದು ಹೆಸರು. ತರಗು ಹೋಗಿ ಹುಲ್ಲು ಚಿಗುರುತ್ತಿತ್ತು, ಉಣ್ಣೆ ಕಡಿಮೆಯಾಗುತ್ತಿತ್ತು, ನೆಲ್ಲಿಮರಕ್ಕೆ ಹತ್ತುವ ಬದನಿಕೆ ಹತೋಟಿಯಲ್ಲಿರುತ್ತಿತ್ತು ಎಂಬುದು ಅವರ ಅನುಭವ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. ತರಗು ಬೆಂಕಿ ನಿಂತಿತು, ಲಂಟಾನ ಹಬ್ಬಿತು. ಬೆಂಕಿ ನಿಂತದ್ದರಿಂದಲೇ ಲಂಟಾನ ಬಂತೆಂದು ಸೋಲಿಗರು ಹೇಳುತ್ತಾರೆ. ಬೆಂಕಿಯೇ ಲಂಟಾನವನ್ನು ಬೆಳೆಸುತ್ತದೆ ಎಂಬ ವಾದವನ್ನೂ ವಿಜ್ಞಾನಿಗಳು ಮುಂದಿಟ್ಟಿದ್ದಾರೆ. ಯಾವ ಋತುವಿನ, ಎಂಥ ಬೆಂಕಿ ಎಂದು ಕೇಳದೆ ಈ ವಾದ ಬಗೆಹರಿಯುವಂಥದ್ದಲ್ಲ. ಒಂದು ಸಂಗತಿ ಮಾತ್ರ ಸ್ಪಷ್ಟ. ಆಳೆತ್ತರದ ಲಂಟಾನ ತುಂಬಿದ ಕಾಡಿನಲ್ಲಿ ಅಂದಿನ ತರಗು ಬೆಂಕಿಯನ್ನು ಹಾಗೆಯೇ ಹಚ್ಚಲಾಗದು. ಉರಿ ಪೊದೆಯ ಮೆಟ್ಟಿಲು ಹತ್ತಿ ಮರದ ನೆತ್ತಿಗೆ ಏರುತ್ತದೆ. ಡಫ್ ಕೂತ ಲಾಂಗ್‌ಲೀಫ್ ತೋಪಿನಂತೆ ಇಲ್ಲಿಯೂ ಪೊದೆ ತೆಗೆದು, ಸಣ್ಣ ತುಣುಕುಗಳಲ್ಲಿ, ಅಳೆದು, ಮರಳಿ ನೋಡಿ ಕಲಿಯಬೇಕಾದೀತು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಾಗ ರಾಜ್ಯ ಕಂಡದ್ದು ಯಾರ ಚೀಟಿಯೂ ಇಲ್ಲದ ಬೆಂಕಿಯನ್ನು.

ನಮ್ಮಲ್ಲಿ ಕಾಡ್ಗಿಚ್ಚು ಹರಡದಂತೆ ಬೆಂಕಿ ರೇಖೆ ಸುಡುವ ಫೈರ್ ವಾಚರುಗಳಿಂದ ವಲಯ ಅರಣ್ಯಾಧಿಕಾರಿಗಳವರೆಗೆ ಎಲ್ಲರಿಗೂ ಆರಿಸುವ ತರಬೇತಿಯ ಜೊತೆಗೆ ಸುಟ್ಟ ನೆಲವನ್ನು ಓದುವ ತರಬೇತಿಯೂ ಸಿಗಬೇಕು. ಅದಕ್ಕೆ ಬೇಕಾದ ಗುರುಗಳು ಬೆಟ್ಟದ ಸೋಲಿಗರ ಊರುಗಳಾದ ಪೋಡುಗಳಲ್ಲಿದ್ದಾರೆ. 1974ಕ್ಕೆ ಮುಂಚೆ ತಮ್ಮ ಕೈಯಾರೆ ತರಗು ಬೆಂಕಿ ಹಚ್ಚಿದವರಿಗೆ ಈಗ ಎಪ್ಪತ್ತರ ಆಸುಪಾಸು. ಅವರನ್ನು ಕಾಡಿಗೆ ಕರೆದೊಯ್ದು, ಯಾವ ತಿಂಗಳು, ಯಾವ ಗಾಳಿ, ಯಾವ ಇಳಿಜಾರು ಎಂದು ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ಮುಂದಿನ ಬೇಸಗೆಗೆ ಮುಂಚೆಯೇ ಶುರುವಾಗಲಿ.